ಪಂಜರಕ್ಕೊಂದು ಜಾಗ

ಮನೆಗೆ ಹೊಸದಾಗಿ ಬಂದ ವಸ್ತುವಿಗೆ ಸ್ಥಳವನ್ನು ಗೊತ್ತುಮಾಡುವುದು ಕಷ್ಟದ ಕೆಲಸವಲ್ಲ. ಕುರ್ಚಿಯಾದರೆ ಗೋಡೆಯ ಬದಿಗೆ, ಗಡಿಯಾರವಾದರೆ ಎಲ್ಲರ ಕಣ್ಣಿಗೆ ಬೀಳುವ ಎತ್ತರಕ್ಕೆ, ಕೊಡೆಯಾದರೆ ಬಾಗಿಲ ಹಿಂದಕ್ಕೆ ಸೇರುತ್ತದೆ. ಒಮ್ಮೆ ಇಟ್ಟ ಮೇಲೆ ಅವು ಸೆಕೆಯೆಂದಾಗಲಿ ಗದ್ದಲವೆಂದಾಗಲಿ ದೂರುವುದಿಲ್ಲ. ಆದರೆ ಬಂದುದು ಒಂದು ಜೀವವಾದರೆ ಮಾತೇ ಬೇರೆ. ಅಲ್ಲಿ ಇಡುವವರ ಅನುಕೂಲವೊಂದೇ ಸಾಲದು. ಇರುವವರ ಅನುಕೂಲವನ್ನೂ ನೋಡಬೇಕಾಗುತ್ತದೆ. ದಾವಣಗೆರೆಯ ಒಂದು ಮನೆಯವರು ಈ ಪಾಠವನ್ನು ಕಲಿತದ್ದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಪ್ರಾಣಿಯಿಂದ.

ಆ ಪ್ರಾಣಿಯ ಹೆಸರು ಹ್ಯಾಮ್‌ಸ್ಟರ್. ಇಲಿಯಂತೆಯೇ ಅದೂ ದಂಶಕಗಳ ಬಳಗಕ್ಕೆ ಸೇರಿದುದು. ಹೊಂಬಣ್ಣದ ಮೈ, ಕಪ್ಪು ಮಣಿಯಂತಹ ಕಣ್ಣುಗಳು, ಇದ್ದೂ ಇಲ್ಲದಂತಿರುವ ಮೋಟು ಬಾಲ. ಕಾಳನ್ನು ಕೊಟ್ಟರೆ ಒಡನೆಯೇ ತಿನ್ನದೆ, ಎರಡು ಕೆನ್ನೆಗಳ ಚೀಲಗಳಲ್ಲಿ ತುಂಬಿಕೊಂಡು ಹೋಗಿ ಬಚ್ಚಿಡುತ್ತದೆ. ನೆರೆಮನೆಯವರಿಗೆ ದೂರದ ಊರಿಗೆ ವರ್ಗವಾದಾಗ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಈ ಮನೆಯ ಹುಡುಗಿಗೆ ಅದನ್ನು ಪಂಜರಸಮೇತ ಒಪ್ಪಿಸಿ ಹೋದರು. ಆಗ ಮಾರ್ಚ್ ತಿಂಗಳ ಆರಂಭ, ಬಿಸಿಲು ಬಲಿಯತೊಡಗಿತ್ತು.

ಮೊದಲ ದಿನ ಪಂಜರವು ನಡುಮನೆಯ ಕಿಟಕಿಯ ಕಟ್ಟೆಯನ್ನು ಏರಿತು. ಅಲ್ಲಿ ಗಾಳಿಯೂ ಬೆಳಕೂ ಧಾರಾಳವಾಗಿದ್ದವು. ಆದರೆ ಹತ್ತು ಗಂಟೆಯ ಹೊತ್ತಿಗೆ ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿತು. ಪ್ರಾಣಿಯು ಮೂಲೆಯಲ್ಲಿ ಚಪ್ಪಟೆಯಾಗಿ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದುದನ್ನು ಕಂಡು ಹುಡುಗಿಯು ಗಾಬರಿಯಿಂದ ಪಂಜರವನ್ನು ನೆರಳಿಗೆ ತಂದಳು.

“ಅದು ಸಿರಿಯಾ ದೇಶದ್ದಂತೆ. ಒಣನಾಡಿನ ಪ್ರಾಣಿಗೆ ನಮ್ಮೂರಿನ ಬಿಸಿಲು ಏನು ಮಾಡೀತು?” ಎಂದು ತಂದೆ ಕೇಳಿದರು.

ಆ ಮಾತಿನಲ್ಲಿ ಸತ್ಯವಿದ್ದುದು ಅರ್ಧ ಮಾತ್ರ. ಹೊಂಬಣ್ಣದ ಹ್ಯಾಮ್‌ಸ್ಟರ್ ಸಿರಿಯಾದ ಅಲೆಪ್ಪೊ ನಗರದ ಸುತ್ತಿನ ಪ್ರದೇಶಕ್ಕೆ ಸೇರಿದುದು ನಿಜ. 1839ರಲ್ಲಿ ವಾಟರ್‌ಹೌಸ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞನು ಅದನ್ನು ವಿದ್ವಾಂಸರಿಗೆ ಪರಿಚಯಿಸಿದನು. 1930ರಲ್ಲಿ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಇಸ್ರೇಲ್ ಅಹರೋನಿ ಎಂಬುವರು ಅಲೆಪ್ಪೊ ಸಮೀಪದ ಗೋದಿಯ ಹೊಲವೊಂದನ್ನು ಅಗೆಸಿ, ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿದು ತಂದರು. ಇಂದು ಲೋಕದ ನಾನಾ ಕಡೆಗಳಲ್ಲಿ ಜನರು ಸಾಕುತ್ತಿರುವ ಈ ಜಾತಿಯ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಆ ಒಂದು ಸಂಸಾರದ ಸಂತತಿಯೇ. ಆದರೆ ಅವುಗಳನ್ನು ಹಿಡಿಯಲು ನೆಲವನ್ನು ಆಳವಾಗಿ ಅಗೆಯಬೇಕಾಯಿತೆಂಬುದನ್ನು ಮರೆಯಬಾರದು. ನೆಲದ ಮೇಲೆ ಎಷ್ಟೇ ಬಿಸಿಲಿದ್ದರೂ ಬಿಲದೊಳಗೆ ತಂಪಿರುತ್ತದೆ. ಪಂಜರದ ಪ್ರಾಣಿಗಾದರೋ ಓಡಿ ಅಡಗಲು ಬಿಲವಿಲ್ಲ. ಇಪ್ಪತ್ತರ ಆಸುಪಾಸಿನ ಉಷ್ಣಾಂಶ ಅದಕ್ಕೆ ಹಿತ. ಮೂವತ್ತು ಡಿಗ್ರಿಯನ್ನು ಮೀರಿದರೆ ಅದರ ಜೀವಕ್ಕೇ ಅಪಾಯ.

ಇಷ್ಟನ್ನು ಓದಿ ತಿಳಿದುಕೊಂಡ ಹುಡುಗಿಯು ಮನೆಯ ಮೂಲೆಮೂಲೆಯನ್ನೂ ಪರೀಕ್ಷಿಸತೊಡಗಿದಳು. ಅಡುಗೆಮನೆಯಲ್ಲಿ ಒಲೆಯ ಕಾವು, ಒಗ್ಗರಣೆಯ ಘಾಟು, ಮಿಕ್ಸಿಯ ಆರ್ಭಟ. ಮನುಷ್ಯರ ಕಿವಿಗೆ ಕೇಳಿಸದ ಸೂಕ್ಷ್ಮ ಧ್ವನಿಗಳನ್ನೂ ಕೇಳಬಲ್ಲ ಪ್ರಾಣಿಗೆ ಅದು ತಕ್ಕ ಸ್ಥಳವಲ್ಲ. ಜಗಲಿಯಲ್ಲಿ ಬೆಕ್ಕಿನ ಭಯ. ನೆಲದ ಮೇಲಿಟ್ಟರೆ ಇರುವೆಗಳ ಕಾಟ, ಓಡಾಡುವವರ ಕಾಲುಗಳ ಸಪ್ಪಳ. ಹುಡುಗಿಯ ಕೋಣೆಯಲ್ಲಿ ಇಡೋಣವೆಂದರೆ, ಹಗಲೆಲ್ಲ ಮಲಗಿದ್ದು ಕತ್ತಲಾದ ಮೇಲೆ ಎದ್ದು ಚಕ್ರದಲ್ಲಿ ಓಡುವುದು ಅದರ ಸ್ವಭಾವ. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿದ್ದುದರಿಂದ ತಾಯಿ ಅದಕ್ಕೆ ಒಪ್ಪಲಿಲ್ಲ. ಉಳಿದುದು ನಡುಮನೆಯ ಒಳಮೂಲೆ. ಅಲ್ಲಿ ದೂರದರ್ಶನದ ಪೆಟ್ಟಿಗೆಯಿತ್ತು. ಅದರ ಪಕ್ಕದಲ್ಲಿ ಅಜ್ಜಿಯ ಮಂಚವಿತ್ತು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಹುಡುಗಿಯು ತಾನು ಬರೆದಿಟ್ಟಿದ್ದ ಪಟ್ಟಿಯನ್ನು ಓದಿದಳು: “ನೇರವಾದ ಬಿಸಿಲು ಬೀಳಬಾರದು. ಹೊಗೆ, ಘಾಟು ಇರಬಾರದು. ಮಲಗುವ ಹೊತ್ತಿನಲ್ಲಿ ಗದ್ದಲವಾಗಬಾರದು. ಕಣ್ಣಿಗೆ ದೀಪದ ಬೆಳಕು ಚುಚ್ಚಬಾರದು. ಯಾರೂ ಪದೇಪದೇ ಹಾದುಹೋಗಬಾರದು. ಹಾಗೆಂದು ಮನೆಯವರು ಮರೆತುಬಿಡುವಷ್ಟು ದೂರದಲ್ಲಿಯೂ ಇರಬಾರದು.”

ಅಜ್ಜಿಯು ನಕ್ಕು, “ಅಂಥ ಜಾಗ ಸಿಕ್ಕರೆ ನನಗೂ ಹೇಳು ಮಗು” ಎಂದರು.

ಎಲ್ಲರೂ ನಕ್ಕರು. ತಂದೆಯೂ ನಗಲು ಹೊರಟವರು ಹಾಗೆಯೇ ಸುಮ್ಮನಾದರು. ಕೈಯಲ್ಲಿದ್ದ ತುತ್ತು ಕೈಯಲ್ಲಿಯೇ ಉಳಿಯಿತು. ಅಜ್ಜ ತೀರಿಕೊಂಡ ಮೇಲೆ ಅಜ್ಜಿಯನ್ನು ಹಳ್ಳಿಯಿಂದ ಕರೆತಂದು ಮೂರು ವರ್ಷಗಳಾಗಿದ್ದವು. ಬಂದ ದಿನ ಮಂಚವನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆ ಬಂದಾಗ, ನಡುಮನೆಯಲ್ಲಿ ಜಾಗವಿದ್ದುದರಿಂದ ಅಲ್ಲಿಯೇ ಹಾಕಿದ್ದರು. ರಾತ್ರಿ ಹನ್ನೊಂದರವರೆಗೆ ಅಲ್ಲಿ ದೀಪವೂ ಆರುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ಅವರು ಗೋಡೆಯ ಕಡೆಗೆ ತಿರುಗಿ, ಸೆರಗನ್ನು ಕಣ್ಣಿನ ಮೇಲೆಳೆದುಕೊಂಡು ಮಲಗುತ್ತಿದ್ದರು. ನಿದ್ರೆ ಬರುವುದೇ ಎಂದು ಯಾರೂ ಅವರನ್ನು ಕೇಳಿರಲಿಲ್ಲ. ಕೇಳದಿದ್ದುದರಿಂದ ಅವರೂ ಹೇಳಿರಲಿಲ್ಲ.

ಮರುದಿನ ಭಾನುವಾರ. ಮನೆಯ ಉತ್ತರದ ಬದಿಯಲ್ಲಿ ಸಾಮಾನಿನ ಕೋಣೆಯೊಂದಿತ್ತು. ಹಳೆಯ ಪತ್ರಿಕೆಗಳು, ಮುರಿದ ಕುರ್ಚಿ, ಬೀಗದ ಕೈ ಕಳೆದುಹೋದ ಟ್ರಂಕುಗಳು ಅದರಲ್ಲಿ ಸುಖವಾಗಿ ವಾಸವಾಗಿದ್ದವು. ತಂದೆ ಯಾರಿಗೂ ಏನನ್ನೂ ವಿವರಿಸದೆ ಬೆಳಿಗ್ಗೆಯೇ ಅದರ ಬಾಗಿಲನ್ನು ತೆರೆದರು. ಮಧ್ಯಾಹ್ನದ ವೇಳೆಗೆ ಕೋಣೆ ಬರಿದಾಯಿತು. ಕಿಟಕಿಯನ್ನು ತೆರೆದಾಗ ಹೊರಗಿದ್ದ ಹೊಂಗೆಯ ಮರದ ನೆರಳು ಒಳಗೆಲ್ಲ ಹರಡಿತು. ಹುಡುಗಿಯು ಗೋಡೆಗೆ ಉಷ್ಣಮಾಪಕವನ್ನು ತೂಗುಹಾಕಿ ನೋಡಿದಳು, ಇಪ್ಪತ್ತೇಳು ಡಿಗ್ರಿ. ನಡುಮನೆಯಲ್ಲಿ ಆಗ ಮೂವತ್ತೆರಡು ಇತ್ತು.

“ಅವ್ವಾ, ನಿನ್ನ ಮಂಚವನ್ನು ಇಲ್ಲಿಗೆ ತರಲೇ?” ಎಂದು ತಂದೆ ಕೇಳಿದರು. ಅಜ್ಜಿ ಕೋಣೆಯನ್ನು ಒಮ್ಮೆ ನೋಡಿ, “ಪಂಜರವನ್ನೂ ತಾ” ಎಂದರು.

ಇರುವ ವಿದ್ಯೆಯೆಲ್ಲ ಪುಸ್ತಕದಲ್ಲಿಯೇ ಇರುವುದಿಲ್ಲ. ಪಂಜರವಿಟ್ಟ ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲುಗಳಲ್ಲಿ ಇರಿಸಿ ಇರುವೆಗಳನ್ನು ತಡೆದವರು ಅಜ್ಜಿ. ಸೊಳ್ಳೆಗಳಾಗದಂತೆ ಆ ನೀರನ್ನು ದಿನವೂ ಚೆಲ್ಲಿ ಬದಲಾಯಿಸಿದವರೂ ಅವರೇ. ಚಿಕ್ಕ ಮಣ್ಣಿನ ಕುಡಿಕೆಯೊಂದನ್ನು ಅಡ್ಡಲಾಗಿ ಪಂಜರದೊಳಗೆ ಇಡಿಸಿದರು. ಹ್ಯಾಮ್‌ಸ್ಟರ್ ಕಾಗದದ ಚೂರುಗಳನ್ನು ಅದರೊಳಕ್ಕೆ ಎಳೆದುಕೊಂಡು, ಅದನ್ನೇ ತನ್ನ ಬಿಲವಾಗಿ ಮಾಡಿಕೊಂಡಿತು. ಕಿರುಗುಟ್ಟುತ್ತಿದ್ದ ಚಕ್ರದ ಅಚ್ಚಿಗೆ ಒಂದು ಹನಿ ಕೊಬ್ಬರಿ ಎಣ್ಣೆಯನ್ನೂ ಹಾಕಿದರು.

ಆದರೂ ರಾತ್ರಿ ಚಕ್ರವು ತಿರುಗುವ ಮೆಲುಸದ್ದು ಇದ್ದೇ ಇತ್ತು. ಅದರಿಂದ ಅಜ್ಜಿಯ ನಿದ್ರೆ ಕೆಡುವುದೇನೋ ಎಂದು ತಾಯಿ ವಿಚಾರಿಸಿದರು. ಅಜ್ಜಿ ತಲೆಯಾಡಿಸಿ, “ಹಳ್ಳಿಯಲ್ಲಿ ಮಲಗಿದಾಗ ಕೊಟ್ಟಿಗೆಯ ದನಗಳು ಮೆಲುಕುಹಾಕುವುದು ಕೇಳಿಸುತ್ತಿತ್ತು. ಜೊತೆಗೆ ಒಂದು ಜೀವ ಎಚ್ಚರವಾಗಿದೆ ಎಂದರೆ ನಿದ್ದೆ ಚೆನ್ನಾಗಿ ಬರುತ್ತದೆ” ಎಂದರು.

ಹ್ಯಾಮ್‌ಸ್ಟರ್‌ನ ಆಯುಷ್ಯ ಹೆಚ್ಚೆಂದರೆ ಎರಡು ಮೂರು ವರ್ಷ. ಆ ಅಲ್ಪಕಾಲದ ಅತಿಥಿಗೆ ತಕ್ಕ ಜಾಗವನ್ನು ಹುಡುಕಲು ಹೊರಟ ಮನೆಯವರು, ತಮ್ಮೊಡನೆಯೇ ಇದ್ದವರು ಎಲ್ಲಿದ್ದಾರೆಂಬುದನ್ನು ಕಂಡರು. ಬಾಯಿಲ್ಲದ ಪ್ರಾಣಿಯ ಅಗತ್ಯವನ್ನು ಊಹಿಸಿ ತಿಳಿಯಬೇಕು. ಬಾಯಿದ್ದೂ ಕೇಳದಿರುವವರ ಅಗತ್ಯವನ್ನು ಕೇಳಿಯೇ ತಿಳಿಯಬೇಕು. ಇಂದಿಗೂ ಹುಡುಗಿಯು ರಾತ್ರಿ ಓದು ಮುಗಿಸಿ ಆ ಕೋಣೆಗೆ ಹೋಗಿ ಎರಡು ಸೂರ್ಯಕಾಂತಿ ಬೀಜಗಳನ್ನು ಪಂಜರದೊಳಗೆ ಹಾಕುತ್ತಾಳೆ. ಆ ಹೊತ್ತಿಗೆ ಅಜ್ಜಿಗೆ ಗಾಢವಾದ ನಿದ್ರೆ ಬಂದಿರುತ್ತದೆ.