ಇಲ್ಲದ ಅಂಗೈಗೆ ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತ ಊರೋರು ಗಾದೆ ಹೇಳ್ತಾರೆ. ಅಂಗೈಯೇ ಇಲ್ಲದವನ ಅಂಗೈ ನೋವಿಗೆ ಕನ್ನಡಿಯೇ ಬೇಕು ಅಂತ ಕೇರಿಯವರಾದ ನಾವು ಹೇಳ್ತೀವಿ.

ನಮ್ಮ ಚಿಕ್ಕಯ್ಯನ ಎಡಗೈ 2009ರಲ್ಲಿ ಆಲೆಮನೆಯ ಗಾಣಕ್ಕೆ ಹೋಯಿತು. ರಾತ್ರಿಯೆಲ್ಲಾ ಗಾಣಕ್ಕೆ ಕಬ್ಬು ಕೊಡುವ ಕೆಲಸ, ನಿದ್ದೆಗಣ್ಣು. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿದರು. ಗಾಯ ಮಾಯಿತು, ನೋವು ಮಾಯಲಿಲ್ಲ. "ಬೆರಳು ಮುದುರ್ಕಂಡವೆ ಕಣ್ರಪ್ಪಾ, ಉಗುರು ಅಂಗೈಗೆ ನಾಟ್ತವೆ, ಯಾರಾರ ಬುಡ್ಸಿ" ಎಂದು ನಡುರಾತ್ರಿ ಕೂಗುತ್ತಿದ್ದ. ಯಾವ ಬೆರಳು ಬಿಡಿಸೋಣ? ಚಿಕ್ಕವ್ವ ತಾಯಿತ ಕಟ್ಟಿಸಿದಳು. ಆಲೆಮನೆ ಒಡೆಯ "ಇಲ್ದಿರೋ ಕೈ ನೋಯ್ತದೇನ್ಲಾ? ದುಡ್ಡು ಕೀಳಕ್ಕೆ ನಾಟ್ಕ" ಅಂದ. ಇದ್ದ ಕೈ ಬೊಬ್ಬೆ ಎದ್ದಾಗಲೂ ನಂಬದವನು ಅವನು.

ನೋವು ನಾಟಕವಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳಕೊಂಡ ಸಿಪಾಯಿಗಳನ್ನು ಕಂಡ ವೈದ್ಯ ವಿಯರ್ ಮಿಚೆಲ್ 1871ರಲ್ಲೇ ಇದನ್ನು ದೆವ್ವದ ಅಂಗ ಎಂಬರ್ಥದ ಹೆಸರಿಟ್ಟು ಕರೆದಿದ್ದ. ಕೈ ಹೋದರೂ ಮಿದುಳಿನಲ್ಲಿ ಅದರ ಜಾಗ ಉಳಿದಿರುತ್ತದೆ. ಮಿದುಳು 'ಬಿಚ್ಚು' ಎನ್ನುತ್ತದೆ, ಬಿಚ್ಚಿದೆ ಎಂದು ಸುದ್ದಿ ಕಳಿಸಲು ಕೈ ಇಲ್ಲ. ಆ ಸುದ್ದಿಯನ್ನು ಕಣ್ಣಿನಿಂದ ಕೊಡಿಸೋಣ ಎಂದು ಹೊರಟವರು ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾ ಸೇರಿದ ವಿ.ಎಸ್. ರಾಮಚಂದ್ರನ್. ಒಂದು ಪೆಟ್ಟಿಗೆ, ಒಂದು ಕನ್ನಡಿ, ಅಷ್ಟೇ ಅವರ ಯಂತ್ರ. 1996ರಲ್ಲಿ ಅದರ ವಿವರ ಪ್ರಕಟಿಸಿದರು.

ನಮಗೆ ಅದು ಗೊತ್ತಾದದ್ದು 2014ರಲ್ಲಿ, ಪಟ್ಟಣದಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳಿಂದ. ಒಂದೂವರೆ ಅಡಿ ಕನ್ನಡಿ ತಂದೆವು. (ಊರ ಕ್ಷೌರದಂಗಡಿಯ ಕನ್ನಡಿ ನಮ್ಮ ಅಪ್ಪಂದಿರ ಮುಖ ಕಂಡದ್ದೇ ಇಲ್ಲ, ಆ ಮಾತು ಬೇರೆ.) ಕನ್ನಡಿಯನ್ನು ಎದೆಯ ನೇರಕ್ಕೆ ನಿಲ್ಲಿಸಬೇಕು. ಮುಖ ಇರುವ ಕೈ ಕಡೆಗೆ, ಮೋಟುಗೈ ಹಿಂದೆ ಮರೆಗೆ. ಇರುವ ಕೈಯನ್ನು ನಿಧಾನವಾಗಿ ಮುಚ್ಚಿ ಬಿಚ್ಚುತ್ತಾ, ಇಲ್ಲದ ಕೈಯಿಂದಲೂ ಹಾಗೇ ಮಾಡಲು ನೋಡುತ್ತಾ, ಕಣ್ಣನ್ನು ಕನ್ನಡಿಯೊಳಗಿನ ಕೈ ಮೇಲಿಡಬೇಕು. ದಿನಕ್ಕೆ ಕಾಲು ಗಂಟೆ.

ಮೊದಲ ದಿನ ಚಿಕ್ಕಯ್ಯ ಎರಡು ಕೈ ಕಂಡು ಅತ್ತುಬಿಟ್ಟ. ಮೂರನೇ ವಾರ "ಹೆಬ್ಬೆಟ್ಟು ಬುಡ್ತು ಕಣ್ಲಾ" ಅಂದ. ನೋವು ಪೂರಾ ಹೋಗಿಲ್ಲ, ಚಳಿಗೆ ಕೆದರುತ್ತದೆ. ಆದರೆ ನಿದ್ದೆ ಬರುತ್ತದೆ.

ಕಾಲು ಹೋದ 18 ಮಂದಿಯ ಮೇಲೆ ಅಮೆರಿಕದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ನಡೆದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಕನ್ನಡಿ ನೋಡಿದ ಆರೂ ಜನರ ನೋವು ನಾಲ್ಕು ವಾರದಲ್ಲಿ ಇಳಿದಿತ್ತು. ಕನ್ನಡಿಗೆ ಬಟ್ಟೆ ಮುಚ್ಚಿ ಕೂತ ಆರರಲ್ಲಿ ಇಳಿದದ್ದು ಒಬ್ಬನಿಗೆ. ಆಮೇಲಿನ ಪ್ರಯೋಗಗಳ ಫಲ ಮಿಶ್ರವಾಗಿದೆ, ಎಲ್ಲರಿಗೂ ಹಿಡಿಯುವ ಮದ್ದಲ್ಲ. ಆದರೂ ಸಿಪಾಯಿಯ ಕಾಲಿಗೆ ಸಿಕ್ಕಿದ್ದು ಕಬ್ಬು ಕೊಡುವವನ ಕೈಗೆ ಸಿಗಲು ಐದು ವರ್ಷ ಯಾಕೆ ಕೂಗಬೇಕಿತ್ತು? ಅದರ ಖರ್ಚು ಒಂದು ಕನ್ನಡಿ!

ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಪಟ್ಟಿ, ಒಂದು ಕೈ ಹೋದರೆ ಗಳಿಕೆಯ ಶಕ್ತಿ ನೂರಕ್ಕೆ 60 ಹೋಯಿತು ಎಂದು ಲೆಕ್ಕ ಕಟ್ಟಿತ್ತು. ಹೋದ ಕೈಯ ನೋವಿಗೆ ಅದರಲ್ಲಿ ಸಾಲಿರಲಿಲ್ಲ. ಒಡೆಯ ಆ 60ರ ಲೆಕ್ಕವನ್ನೂ ಕೊಡಲಿಲ್ಲ.

ಕನ್ನಡಿ ಈಗ ಕೇರಿಯ ಕೊನೇ ಮನೆಯಲ್ಲಿದೆ. ಲಕ್ವ ಹೊಡೆದವರ ಕೈಗೂ ಇದನ್ನೇ ಮಾಡಿಸುತ್ತಾರೆಂದು ಆ ಹುಡುಗಿ ಹೇಳಿದ್ದಳು. ಅಲ್ಲಿನ ಅಜ್ಜಿಗೆ ಬೆಳಗಿನ ಹೊತ್ತು ಚಿಕ್ಕಯ್ಯನೇ ಕನ್ನಡಿ ಹಿಡಿದು ಕೂರುತ್ತಾನೆ.