ಹೋಟೆಲಿನಲ್ಲೊಂದು ನಿಮಿಷ

ಟಾಮ್ ಹ್ಯಾಂಕ್ಸ್ ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ‘ಎ ಬ್ಯೂಟಿಫುಲ್ ಡೇ ಇನ್ ದ ನೇಬರ್‌ಹುಡ್’ (2019) ನೋಡಲು ಕೂತಿದ್ದೆ. ಅಮೆರಿಕದ ಮಕ್ಕಳು ಮೂರು ದಶಕ ಟಿವಿಯಲ್ಲಿ ನೋಡಿ ಬೆಳೆದ ಫ್ರೆಡ್ ರಾಜರ್ಸ್ ಅವರ ಜೀವನಕತೆ ಅಂದುಕೊಂಡರೆ, ಸಿನಿಮಾ ಬೆನ್ನು ಹತ್ತಿದ್ದು ಅವರನ್ನು ಸಂದರ್ಶಿಸಲು ಬಂದ ಲಾಯ್ಡ್ ಎಂಬ ಸಿಡುಕು ಸ್ವಭಾವದ ಪತ್ರಕರ್ತನನ್ನು. ಸಾಯುತ್ತಿದ್ದ ತಾಯಿಯನ್ನು ಬಿಟ್ಟುಹೋದ ಅಪ್ಪನನ್ನು ಅವನು ಕ್ಷಮಿಸಿಲ್ಲ; ಸೋದರಿಯ ಮದುವೆಯಲ್ಲೇ ಅಪ್ಪನಿಗೆ ಗುದ್ದುತ್ತಾನೆ.

ಒಂದು ಹೋಟೆಲಿನಲ್ಲಿ ರಾಜರ್ಸ್ ಅವನಿಗೆ, ನಿನ್ನನ್ನು ಪ್ರೀತಿಸಿ ಬೆಳೆಸಿದವರನ್ನೆಲ್ಲ ಒಂದು ನಿಮಿಷ ನೆನೆ ಅನ್ನುತ್ತಾರೆ. ಸುತ್ತಲಿನವರೂ ತಿನ್ನುವುದು ನಿಲ್ಲಿಸುತ್ತಾರೆ. (ಅವರಲ್ಲಿ ನಿಜವಾದ ಶ್ರೀಮತಿ ರಾಜರ್ಸ್ ಕೂಡ ಇದ್ದಾರೆ.) ಸದ್ದೆಲ್ಲ ಅಡಗುತ್ತದೆ. ಹ್ಯಾಂಕ್ಸ್ ಮೆಲ್ಲನೆ ಕಣ್ಣು ಹೊರಳಿಸಿ ಕ್ಯಾಮೆರಾವನ್ನು, ಅಂದರೆ ನಮ್ಮನ್ನೇ, ನೋಡುತ್ತಾರೆ.

ನನಗೆ ಅಜ್ಜಿ ಬಂದಳು, ಕನ್ನಡ ಮೇಷ್ಟ್ರು ಬಂದರು. ಅಪ್ಪ ಬರಬಾರದಿತ್ತು. ಜಮೀನಿನ ಜಗಳವಾಗಿ ಎರಡು ವರ್ಷದಿಂದ ನಾವು ಮಾತಾಡುವುದು ಅಮ್ಮನ ಮೂಲಕ. ಆದರೂ ಬಂದರು, ನನಗೆ ಒತ್ತದಿರಲೆಂದು ಸೈಕಲ್ಲಿನ ಕ್ಯಾರಿಯರ್‌ಗೆ ಟವೆಲ್ ಸುತ್ತುತ್ತಾ.

ಸಿನಿಮಾ ರಾಜರ್ಸ್ ಅವರನ್ನು ಸಂತ ಮಾಡುವುದಿಲ್ಲ. ಕೊನೆಯಲ್ಲಿ, ಖಾಲಿ ಸ್ಟುಡಿಯೋದಲ್ಲಿ ಪಿಯಾನೋ ನುಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಮಂದ್ರದ ಮನೆಗಳನ್ನೆಲ್ಲ ಒಟ್ಟಿಗೆ ಬಡಿಯುತ್ತಾರೆ. ಸಿಟ್ಟು ಬಂದಾಗ ಹೀಗೂ ಮಾಡಬಹುದೆಂದು ಮೊದಲೇ ಹೇಳಿರುತ್ತಾರೆ. ಆ ಸದ್ದಿಲ್ಲದಿದ್ದರೆ ನಾನು ಅವರನ್ನು ನಂಬುತ್ತಿರಲಿಲ್ಲ.

ಮರುದಿನ ಅಪ್ಪನಿಗೆ ಫೋನ್ ಮಾಡಿದೆ.

‘ಯಾಕೆ, ಹುಷಾರಿಲ್ವಾ?’ ಅಂದರು.