ಹಗ್ಗ ಎಳದು ನೋಡಿದ್ರೇನು?

ನಮ್ಮ ಆಫೀಸಿನಲ್ಲಿ ‘ಲೆಗಸಿ’ ಅನ್ನೋ ಪದವನ್ನ ಯಾರೂ ಪ್ರೀತಿಯಿಂದ ಹೇಳಲ್ಲ. ಯಾರೋ ಯಾವತ್ತೋ ಮಾಡಿಟ್ಟು ಹೋಗಿದ್ದು, ಈಗ ನಮ್ಮ ತಲೆಗೆ ಬಂದಿದೆ ಅಂತ ಅದರ ಅರ್ಥ. ಹಾಗಾಗಿ ಒಂದು ಸೆಪ್ಟೆಂಬರಿನಲ್ಲಿ ಮ್ಯಾನೇಜರು ಕರೆದು, ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಗೆ ಹೋಗಿ ಹಳೇ ಇನ್‌ಪುಟ್ ಕಾರ್ಡುಗಳನ್ನ ಬದಲಾಯಿಸಿ ಬರಬೇಕು ಅಂದಾಗ ನಾನೂ ಮೂಗು ಮುರಿದೆ. ಒಪ್ಪಿಕೊಂಡಿದ್ದಕ್ಕೆ ಕಾರಣ ಒಂದೇ, ಅಲ್ಲಿಂದ ನಮ್ಮೂರು ಬಸ್ಸಿನಲ್ಲಿ ಒಂದೂವರೆ ಗಂಟೆ. “ಎರಡು ದಿನದ ಕೆಲಸ ಸರ್, ಮೂರನೇ ದಿನ ಊರಿಗೆ ಹೋಗಿ ಬರ್ತೀನಿ” ಅಂದೆ. ಹನ್ನೊಂದು ದಿನ ಆಯ್ತು.

ಆ್ಯಪ್ ಬರೆಯೋ ಗೆಳೆಯರಿಗಾಗಿ ಒಂದೆರಡು ಮಾತು. ಕಾರ್ಖಾನೆಯ ಯಂತ್ರಗಳನ್ನ ನಡೆಸೋದು ಪಿಎಲ್‌ಸಿ ಅನ್ನೋ ಗಟ್ಟಿಮುಟ್ಟು ಕಂಪ್ಯೂಟರು. 1968ರಲ್ಲಿ ಅಮೆರಿಕದ ಡಿಕ್ ಮಾರ್ಲಿ ಮತ್ತು ಅವರ ಜೊತೆಗಾರರು ಇದರ ಕಲ್ಪನೆ ಹುಟ್ಟುಹಾಕಿದರು. ಗೋಡೆ ತುಂಬ ರಿಲೇಗಳನ್ನ ಜೋಡಿಸಿ ಮಾಡ್ತಿದ್ದ ಕೆಲಸವನ್ನ ಒಂದು ಪೆಟ್ಟಿಗೆ ಮಾಡಬೇಕು ಅನ್ನೋದು ಉದ್ದೇಶ. ಅವರ ಕಂಪನಿಯ 84ನೇ ಪ್ರಾಜೆಕ್ಟ್ ಆಗಿದ್ದರಿಂದ ಆ ಪೆಟ್ಟಿಗೆಗೆ ಮೋಡಿಕಾನ್ 084 ಅಂತಲೇ ಹೆಸರಾಯ್ತು. ಆಮೇಲೆ ಸೀಮೆನ್ಸ್ ಎಸ್5, ಅಲೆನ್-ಬ್ರಾಡ್ಲಿ ಪಿಎಲ್‌ಸಿ-5 ಎಲ್ಲ ಬಂದವು. ಪಿಎಲ್‌ಸಿ-5 ಮಾರುಕಟ್ಟೆಗೆ ಬಂದಿದ್ದು 1986ರಲ್ಲಿ, ತಯಾರಿಕೆ ನಿಂತಿದ್ದು 2017ರಲ್ಲಿ. ಮೂರು ವರ್ಷಕ್ಕೆ ಫೋನ್ ಬದಲಾಯಿಸೋ ನಮಗೆ ಈ ಲೆಕ್ಕ ವಿಚಿತ್ರ ಅನ್ಸುತ್ತೆ. ಕಾರ್ಖಾನೆಯವರಿಗೆ ಮೂವತ್ತು ವರ್ಷ ನಡೆದಿದ್ದೇ ಅದರ ಗುಣ.

ಈ ಪಿಎಲ್‌ಸಿಗೆ ಹೊರಗಿನ ಲೋಕ ಗೊತ್ತಾಗೋದು ಇನ್‌ಪುಟ್ ಕಾರ್ಡಿನಿಂದ. ದೂರದಲ್ಲೆಲ್ಲೋ ಒಂದು ಸ್ವಿಚ್ ಮುಚ್ಚಿದರೆ 110 ವೋಲ್ಟ್ ವೈರಿನಲ್ಲಿ ಬಂದು ಕಾರ್ಡಿನೊಳಗೆ ಒಂದು ಪುಟ್ಟ ಎಲ್‌ಇಡಿ ಬೆಳಗುತ್ತೆ. ಎದುರಿಗಿರೋ ಟ್ರಾನ್ಸಿಸ್ಟರು ಆ ಬೆಳಕು ನೋಡಿ ‘1’ ಅನ್ನುತ್ತೆ. ಬೆಳಕು ಇಲ್ಲದಿದ್ದರೆ ‘0’. ನಡುವೆ ತಂತಿಯ ಸಂಬಂಧವೇ ಇಲ್ಲ, ಹಾಗಾಗಿ ಹೊರಗೆ ಶಾರ್ಟ್ ಆದರೂ ಒಳಗಿನ ಕಂಪ್ಯೂಟರು ಉಳಿಯುತ್ತೆ. ಆದರೆ ವರ್ಷ ಕಳೆದಂತೆ ಆ ಎಲ್‌ಇಡಿ ಮಂಕಾಗುತ್ತೆ. ಕೆಪಾಸಿಟರು ಒಣಗುತ್ತೆ. ಸಕ್ಕರೆ ಕಾರ್ಖಾನೆಯಲ್ಲಂತೂ ಕಬ್ಬಿನ ರಸ ಬಿಳಿ ಮಾಡಲಿಕ್ಕೆ ಗಂಧಕ ಸುಟ್ಟ ಹೊಗೆ ಹಾಯಿಸ್ತಾರೆ, ಅದು ತಾಮ್ರ ಬೆಳ್ಳಿ ಎರಡನ್ನೂ ತಿನ್ನುತ್ತೆ. ಮೇಲಿಂದ ಬಗಾಸಿನ ಧೂಳು ಬೇರೆ.

ಈ ಕಾರ್ಖಾನೆಯಲ್ಲಿ ಕೆಲವು ವರ್ಷದ ಹಿಂದೆಯೇ ಮುಖ್ಯ ಪ್ರೊಸೆಸರ್ ಬದಲಾಯಿಸಿದ್ರು. ಅಂದ್ರೆ ತಲೆ ಹೊಸದು, ಕಣ್ಣು ಕಿವಿ ಹಳೇವು. ಕಾರ್ಡು ಸತ್ತಾಗ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ, ಬೇರೆ ಕಾರ್ಖಾನೆಯಿಂದ ಕಳಚಿ ಬಂದ ಹಳೇ ಮಾಲು ತಂದು ಹಾಕ್ತಿದ್ರಂತೆ. ಒಂದು ಪಾಯಿಂಟ್ ಸತ್ತರೆ ಅದರ ವೈರು ಕಿತ್ತು ಪಕ್ಕದ ಖಾಲಿ ಪಾಯಿಂಟಿಗೆ ಹಾಕೋದು, ಪ್ರೋಗ್ರಾಮಿನಲ್ಲಿ ವಿಳಾಸ ಬದಲಿಸೋದು. ಹೀಗೆ ಮಾಡ್ತಾ ಮಾಡ್ತಾ ಖಾಲಿ ಪಾಯಿಂಟುಗಳೇ ಮುಗಿದಿದ್ದವು. ಡ್ರಾಯಿಂಗಿನಲ್ಲಿ ಮಾತ್ರ ಎಲ್ಲವೂ ಮೊದಲ ದಿನ ಇದ್ದ ಹಾಗೇ ಇತ್ತು.

ಡ್ರಾಯಿಂಗು ಸುಳ್ಳು ಹೇಳ್ತಿದ್ದ ಕಡೆಯೆಲ್ಲ ನಿಜ ಹೇಳ್ತಿದ್ದೋರು ಒಬ್ಬ ಹಿರಿಯ ಎಲೆಕ್ಟ್ರಿಷಿಯನ್. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಕಾಕಾ, ನಾನೂ ಹಾಗೇ ಕರೆದೆ. ಅಂಗಿ ಜೇಬಿನಲ್ಲಿ ಒಂದು ಪುಟ್ಟ ಡೈರಿ. ಯಾವ ವೈರು ಯಾವ ತಾರೀಖು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಅದರಲ್ಲಿ ಬರೆದಿದ್ರು. ನನ್ನನ್ನ ಮೊದಲ ದಿನ ‘ಸರ್ರ’ ಅಂತಿದ್ರು. ನಾನು ಮಾತಾಡೋದು ಕೇಳಿ, ಯಾವೂರು ಅಂತ ವಿಚಾರಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ‘ತಮ್ಮಾ’ ಆಗಿದ್ದೆ.

ಕಾರ್ಡು ಬದಲಾಯಿಸೋದು ನಾನು ಹೇಳಿದ ಹಾಗೇ ಎರಡು ದಿನದಲ್ಲಿ ಮುಗೀತು. ಈಗ ಅದಕ್ಕೆ ಒಳ್ಳೇ ಅನುಕೂಲ ಬಂದಿವೆ. ಹಳೇ ಕಾರ್ಡಿನ ಮುಂದೆ ವೈರುಗಳೆಲ್ಲ ಕೂತಿರೋ ಒಂದು ತೋಳು ಇರುತ್ತೆ. ಅದನ್ನ ಹಾಗೇ ಕಳಚಿ ಹೊಸ ಅಡಾಪ್ಟರಿಗೆ ಸಿಕ್ಕಿಸಿದರೆ ಆಯ್ತು, ಒಂದು ವೈರೂ ಬಿಚ್ಚಬೇಕಿಲ್ಲ. ಹಳೇ ರ‍್ಯಾಕು ಹೋಗಿ ಅದರ ಅರ್ಧ ಜಾಗದಲ್ಲಿ ಹೊಸದು ಬಂತು. ತಣ್ಣಗಿತ್ತು, ಚೆಂದ ಕಾಣ್ತಿತ್ತು. ನಾನು ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿದೆ.

ಮೊದಲ ಕಿರಿಕಿರಿ ಗೋಡೌನಿನಿಂದ ಬಂತು. ಮೂಟೆ ಎಣಿಸೋ ಲಿಮಿಟ್ ಸ್ವಿಚ್ಚಿದೆ. ಪರೀಕ್ಷೆಗೆ ಅಂತ 100 ಮೂಟೆ ಹಾಯಿಸಿದರೆ 107 ಅಂತ ತೋರಿಸ್ತು. ಕಾರಣ ಬೇಗ ಸಿಕ್ತು. ಸ್ವಿಚ್ಚಿನ ಎಲೆ ಒಂದೇ ಸಲಕ್ಕೆ ಕೂರಲ್ಲ, ಕೆಲವು ಮಿಲಿಸೆಕೆಂಡು ಪಟಪಟ ಅಂತ ಕುಣಿದು ಕೂರುತ್ತೆ. ಹಳೇ ಕಾರ್ಡು ನಿಧಾನದ್ದು, ಆ ಕುಣಿತ ಅದಕ್ಕೆ ಕಾಣ್ತಾನೇ ಇರಲಿಲ್ಲ. ಹೊಸದು ಚುರುಕು, ಒಂದೊಂದು ಕುಣಿತವನ್ನೂ ಒಂದು ಮೂಟೆ ಅಂತ ಎಣಿಸ್ತು. ಫಿಲ್ಟರ್ ಸಮಯ 1 ಮಿಲಿಸೆಕೆಂಡಿನಿಂದ 20ಕ್ಕೆ ಏರಿಸಿದೆ, 100ಕ್ಕೆ 100 ಬಂತು. ಕಾಕಾ ನಕ್ಕು, “ಹೊಸ ಕಾರ್ಡು ಬಂದಿದ್ದಕ್ಕ ಏಳು ಮೂಟಿ ಲಾಭ ಆಗಿತ್ತಲ್ಲೋ, ಕಳದಿ” ಅಂದ್ರು. ಎಲ್ಲರೂ ನಕ್ಕೆವು. ಅಲ್ಲೇ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ.

ಕಬ್ಬು ಒಯ್ಯೋ ಕ್ಯಾರಿಯರು ಮತ್ತು ಬಗಾಸಿನ ಕನ್ವೇಯರುಗಳ ಪಕ್ಕದಲ್ಲಿ ಉದ್ದಕ್ಕೂ ಒಂದು ಹಗ್ಗ ಕಟ್ಟಿರ್ತಾರೆ. ಯಾರದಾದ್ರೂ ಕೈಯೋ ಬಟ್ಟೆಯೋ ಸಿಕ್ಕಿಕೊಂಡರೆ ಹತ್ತಿರ ಇದ್ದೋರು ಆ ಹಗ್ಗ ಎಳೀಬೇಕು, ಯಂತ್ರ ನಿಲ್ಲಬೇಕು. ಪುಲ್ ಕಾರ್ಡ್ ಸ್ವಿಚ್ ಅಂತಾರೆ. ಮಾಮೂಲಿಯಾಗಿ ಸ್ವಿಚ್ ಮುಚ್ಚಿರುತ್ತೆ, ಕಾರ್ಡಿನಲ್ಲಿ 1 ಇರುತ್ತೆ. ಎಳೆದರೆ ತೆರೆದುಕೊಂಡು 0 ಆಗುತ್ತೆ. ವೈರು ತುಂಡಾದ್ರೂ 0 ಆಗುತ್ತೆ, ಯಂತ್ರ ನಿಲ್ಲುತ್ತೆ. ಒಳ್ಳೇ ಯೋಚನೆ. ಆದರೆ ಹಳೇ ಕಾಲದ ಆ ವ್ಯವಸ್ಥೆಯಲ್ಲಿ ಹಗ್ಗಕ್ಕೂ ಮೋಟಾರಿಗೂ ನಡುವೆ ಇದ್ದಿದ್ದು ಪಿಎಲ್‌ಸಿ ಒಂದೇ.

ಒಟ್ಟು 14 ಹಗ್ಗಗಳಿದ್ದವು. ನಾನು ಹದಿನಾಲ್ಕನ್ನೂ ಕಂಟ್ರೋಲ್ ರೂಮಿನಲ್ಲೇ ಪರೀಕ್ಷೆ ಮಾಡಿ ಮುಗಿಸಿದ್ದೆ. ಪ್ಯಾನೆಲ್‌ನಲ್ಲಿ ಪ್ರತಿ ವೈರಿಗೂ ಒಂದು ಲಿಂಕ್ ಇರುತ್ತೆ. ಲಿಂಕ್ ಬಿಚ್ಚಿದೆ, ಲ್ಯಾಪ್‌ಟಾಪಿನಲ್ಲಿ 1 ಹೋಗಿ 0 ಬಂತು. ಹಾಕಿದೆ, 1 ಬಂತು. ಹದಿನಾಲ್ಕು ಸಲ. ಎಕ್ಸೆಲ್ ಶೀಟಿನಲ್ಲಿ ಹದಿನಾಲ್ಕು ಸಾಲಿನ ಮುಂದೂ ‘ಪಾಸ್’ ಅಂತ ಹಾಕಿ, ಹಸಿರು ಬಣ್ಣ ತುಂಬಿ, ಮ್ಯಾನೇಜರಿಗೆ ಮೇಲ್ ಕೂಡ ಮಾಡಿದೆ. ನಾಳೆ ಬೆಳಿಗ್ಗೆ ಊರಿನ ಬಸ್ಸು.

ಸಂಜೆ ಚಹಾ ಕುಡೀತಾ ಕಾಕಾ ಕೇಳಿದ್ರು, “ತಮ್ಮಾ, ಹಗ್ಗ ಎಳದು ನೋಡಿದ್ರೇನು?”

“ಬೇಕಾಗಿಲ್ರಿ ಕಾಕಾ. ಪ್ಯಾನೆಲ್‌ನಾಗ ಲಿಂಕ್ ಬಿಚ್ಚಿ ನೋಡೀನಿ, ಎಲ್ಲಾ ಸರಿ ಐತಿ.”

“ಲಿಂಕ್ ಇಲ್ಲೈತಿ. ಹಗ್ಗ ಅಲ್ಲೈತಿ.”

ಮುದುಕರ ಹಟ ಅನ್ನಿಸ್ತು. ಆದರೂ ಇಲ್ಲ ಅನ್ನೋಕಾಗಲಿಲ್ಲ. ಖಾಲಿ ಕ್ಯಾರಿಯರ್ ಓಡಿಸಿದ್ವಿ. ಮೇನ್ ಬ್ರೇಕರ್ ಹತ್ತಿರ ಕಾಕಾ ಒಬ್ಬ ಹುಡುಗನನ್ನ ನಿಲ್ಲಿಸಿದ್ರು. ಅದನ್ನೂ ನಾನು ಹೇಳಿರಲಿಲ್ಲ. ನಾನು ಲ್ಯಾಪ್‌ಟಾಪ್ ಮುಂದೆ, ಅವರು ಕ್ಯಾರಿಯರಿನ ತುದಿಯಲ್ಲಿ, ಕಿವಿಗೆ ಫೋನು.

“ಎಳದೆ.”

ಸ್ಕ್ರೀನಿನಲ್ಲಿ 1.

“ಎಳೀರಿ ಕಾಕಾ.”

“ಎಳದು ಹಿಡಕೊಂಡೇ ನಿಂತೀನಿ. ನಿಂತಿಲ್ಲದು.”

ಸ್ಕ್ರೀನಿನಲ್ಲಿ 1 ಹಾಗೇ ಕೂತಿತ್ತು. ಹಿಂದೆ ಕ್ಯಾರಿಯರಿನ ಸರಪಳಿ ಸದ್ದು ಫೋನಿನಲ್ಲಿ ಕೇಳ್ತಿತ್ತು. ಕಾಕಾ ಕೂಗಿದ್ರು, ಹುಡುಗ ಬ್ರೇಕರ್ ಇಳಿಸಿದ. ನನ್ನ ಕೈ ಬೆವೆತಿತ್ತು. ಪಕ್ಕದ ವಿಂಡೋದಲ್ಲಿ ಹಸಿರು ಬಣ್ಣದ ಹದಿನಾಲ್ಕು ‘ಪಾಸ್’ ಇನ್ನೂ ತೆರೆದೇ ಇತ್ತು.

ಸ್ವಿಚ್ ಬಿಚ್ಚಿ ನೋಡಿದ್ವಿ, ಸರಿಯಾಗೇ ತೆರೀತಿತ್ತು. ಆದ್ರೂ ಪ್ಯಾನೆಲ್‌ನಲ್ಲಿ ನನ್ನ ಡಿಜಿಟಲ್ ಮೀಟರ್ ಆ ವೈರಿನಲ್ಲಿ 70 ವೋಲ್ಟ್ ಚಿಲ್ಲರೆ ತೋರಿಸ್ತಿತ್ತು. ಎಲ್ಲಿಂದ ಬಂತು? ಕಾಕಾ ತಮ್ಮ ಚೀಲದಿಂದ ಟೆಸ್ಟ್ ಲ್ಯಾಂಪ್ ತೆಗೆದ್ರು. ಹೋಲ್ಡರಿಗೆ ಒಂದು ಬಲ್ಬು, ಎರಡು ವೈರು, ಅಷ್ಟೇ. ನಾನು ಕಾಲೇಜಿನಲ್ಲಿ ನೋಡಿ ನಕ್ಕಿದ್ದ ಸಾಮಾನು. ಒಂದು ವೈರು ನ್ಯೂಟ್ರಲ್ಲಿಗೆ, ಇನ್ನೊಂದು ಆ ಇನ್‌ಪುಟ್ಟಿಗೆ ಮುಟ್ಟಿಸಿದ್ರು. ಬಲ್ಬು ಹತ್ತಲಿಲ್ಲ. ಆದ್ರೆ ಸ್ಕ್ರೀನಿನಲ್ಲಿ 1 ಹೋಗಿ 0 ಬಂತು.

ವಿಷಯ ಇಷ್ಟು. ಆ ವೈರು ಕಂಟ್ರೋಲ್ ರೂಮಿಗೆ ಬರೋದು ಸುಮಾರು 300 ಮೀಟರ್ ದೂರದಿಂದ, ಬೇರೆ ಜೀವಂತ 110 ವೋಲ್ಟ್ ವೈರುಗಳ ಜೊತೆ ಒಂದೇ ಕೇಬಲ್ಲಿನಲ್ಲಿ. ಅಷ್ಟು ಉದ್ದ ಮೈಗೆ ಮೈ ತಾಗಿಸಿಕೊಂಡು ಬಂದ ವೈರುಗಳು ಒಂದು ಕೆಪಾಸಿಟರಿನ ಹಾಗೆ ಆಗ್ತವೆ. ಸ್ವಿಚ್ ತೆರೆದರೂ ಪಕ್ಕದ ವೈರಿನಿಂದ ಇದಕ್ಕೆ ಒಂದಿಷ್ಟು ಮಿಲಿಆಂಪಿಯರ್ ಕರೆಂಟು ಜಿನುಗುತ್ತೆ. ಹಳೇ ಕಾರ್ಡು ‘1’ ಅನ್ನೋಕೆ ಜಾಸ್ತಿ ಕರೆಂಟ್ ಬೇಡ್ತಿತ್ತು, ಈ ಜಿನುಗು ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಹೊಸ ಕಾರ್ಡಿನಲ್ಲಿ ಚಿಕ್ಕ ಜಾಗಕ್ಕೆ ಜಾಸ್ತಿ ಪಾಯಿಂಟು ತುಂಬಿರ್ತಾರೆ, ಬಿಸಿಯಾಗಬಾರದು ಅಂತ ಪ್ರತಿ ಪಾಯಿಂಟೂ ಸ್ವಲ್ಪವೇ ಕರೆಂಟ್ ತಗೊಳ್ಳುತ್ತೆ. ಅದಕ್ಕೆ ಆ ಜಿನುಗೇ ಸಾಕಾಯ್ತು. ನಾನು ಪ್ಯಾನೆಲ್‌ನಲ್ಲಿ ಲಿಂಕ್ ಬಿಚ್ಚಿದಾಗ 300 ಮೀಟರ್ ವೈರನ್ನೇ ಕಾರ್ಡಿನಿಂದ ದೂರ ಮಾಡಿದ್ದೆ. ಅಂದ್ರೆ ತಪ್ಪು ಎಲ್ಲಿತ್ತೋ ಅದನ್ನೇ ತೆಗೆದಿಟ್ಟು ಪರೀಕ್ಷೆ ಮಾಡಿದ್ದೆ.

ಕಾಕಾಗೆ ನಾನು ಇದನ್ನ ಕೆಪಾಸಿಟೆನ್ಸ್ ಅಂತ ವಿವರಿಸಿದೆ. ಅವರು ಒಂದು ಗಳಿಗೆ ಕೇಳಿ ಅಂದ್ರು, “ಅಂದ್ರ ಮಣ್ಣಿನ ಕಾಲುವಿ ಇದ್ದಾಗ ತೂಬಿನಾಗಿಂದ ಸೋರಿದ ನೀರು ದಾರ‍್ಯಾಗ ಇಂಗಿ ಹೋಗ್ತಿತ್ತು. ನೀ ಸಿಮೆಂಟ್ ಕಾಲುವಿ ಮಾಡೀದಿ, ಸೋರಿದ್ದೆಲ್ಲಾ ಹೊಲಕ್ಕ ಬಂತು.” ಘಟಪ್ರಭೆಯ ಕಾಲುವೆ ನೀರಿನಲ್ಲಿ ಬೆಳೆದ ನನಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಪರಿಹಾರ ಸಣ್ಣದು. ಇನ್‌ಪುಟ್ಟಿಗೂ ನ್ಯೂಟ್ರಲ್ಲಿಗೂ ನಡುವೆ ಒಂದು 10 ಕಿಲೋ ಓಮ್ ರೆಸಿಸ್ಟರ್. ಜಿನುಗಿದ ಕರೆಂಟು ಅದರಲ್ಲಿ ಹರಿದು ಹೋಗುತ್ತೆ. 110 ವೋಲ್ಟಿಗೆ ಅದರಲ್ಲಿ ಸುಮಾರು 1.2 ವ್ಯಾಟ್ ಬಿಸಿ ಹುಟ್ಟುತ್ತೆ, ಅದಕ್ಕೆ 5 ವ್ಯಾಟಿನದು ಹಾಕಿದ್ವಿ. ಮಿಕ್ಕ ಹಗ್ಗಗಳನ್ನೂ ಒಂದೊಂದಾಗಿ ಎಳೆದು ನೋಡಿದ್ವಿ. ಹದಿನಾಲ್ಕರಲ್ಲಿ ಒಂಬತ್ತು ಹೀಗೇ ಇದ್ದವು. ಹತ್ತಿರದ ಕೇಬಲ್ಲಿನ ಐದು ಮಾತ್ರ ಸರಿ ಇದ್ದವು. ಅಂದ್ರೆ ನನ್ನ ಹದಿನಾಲ್ಕು ಪಾಸಿನಲ್ಲಿ ಒಂಬತ್ತು ಸುಳ್ಳು.

ಅದಕ್ಕೂ ದೊಡ್ಡ ಮಾತು ಬೇರೆ ಇತ್ತು. ಜೀವ ಉಳಿಸೋ ಸ್ವಿಚ್ಚು ಒಂದು ಮಾಮೂಲಿ ಕಾರ್ಡನ್ನ, ಒಂದು ಪ್ರೋಗ್ರಾಮನ್ನ ನಂಬಿಕೊಂಡಿರಬಾರದು. ಹಗ್ಗ ಎಳೆದರೆ ಸೇಫ್ಟಿ ರಿಲೇ ನೇರವಾಗಿ ಮೋಟಾರಿನ ಕಾಂಟ್ಯಾಕ್ಟರ್ ಬಿಡಿಸಬೇಕು, ಪಿಎಲ್‌ಸಿಗೆ ಬರೀ ಸುದ್ದಿ ಹೋಗಬೇಕು. ಇದನ್ನ ಬರೆದು ಕೊಟ್ಟೆ. ಮ್ಯಾನೇಜರಿಗೆ ಫೋನ್ ಮಾಡಿ ನಿನ್ನೆಯ ಮೇಲ್ ತಪ್ಪು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಕಾರ್ಖಾನೆಯವರು ಮೊದಲು ಖರ್ಚಿನ ಮಾತಾಡಿದ್ರು. ಹಂಗಾಮು ಶುರುವಾಗೋ ದಿನ ಹತ್ತಿರ ಬರ್ತಿತ್ತು. ತಡ ಆದರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳಬೇಕಿಲ್ಲ. ಕಡಿದ ಕಬ್ಬು ಟ್ರ್ಯಾಕ್ಟರಿನಲ್ಲಿ ನಿಂತಷ್ಟು ಹೊತ್ತೂ ತೂಕ ಇಳಿಯುತ್ತೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಕಾರ್ಖಾನೆ ಗೇಟಿನ ಹೊರಗೆ ಸಾಲಿನಲ್ಲಿ ರಾತ್ರಿ ಮಲಗಿದ್ದೀನಿ. ಆದ್ರೆ ಆ ಮೀಟಿಂಗಿನಲ್ಲಿ ಕಾಕಾ ಹೇಳಿದ್ದು ಒಂದೇ ಮಾತು. “ಹಗ್ಗ ಎಳಿಯೋ ಮನಷ್ಯಾಗ ನಿಮ್ಮ ಕಂಪ್ಯೂಟರ್ ಕಾಣಂಗಿಲ್ರಿ. ಎಳದ್ರ ನಿಲ್ತೈತಿ ಅಂತ ನಂಬಿ ಎಳೀತಾನ.” ಆಮೇಲೆ ಯಾರೂ ಖರ್ಚಿನ ಮಾತೆತ್ತಲಿಲ್ಲ. ರಿಲೇ ಬಂತು, ಪ್ಯಾನೆಲ್ ಮಾರ್ಪಾಡಾಯ್ತು. ಹಾಗೆ ಹನ್ನೊಂದು ದಿನ.

ನಾವು ಸಾಫ್ಟ್‌ವೇರಿನವರು ಹಳೇದನ್ನ ಬದಲಾಯಿಸುವಾಗ ಅದು ಏನೇನು ಮಾಡುತ್ತೆ ಅಂತ ಪಟ್ಟಿ ಮಾಡ್ತೀವಿ. ಹಳೇ ಕಾರ್ಡಿನ ಕೈಪಿಡಿಯಲ್ಲಿ ಎಷ್ಟು ವೋಲ್ಟು, ಎಷ್ಟು ಪಾಯಿಂಟು ಅಂತ ಇತ್ತು. ಸ್ವಿಚ್ಚಿನ ಕುಣಿತವನ್ನ ನುಂಗಿಕೊಳ್ಳೋದು, ಕೇಬಲ್ಲಿನ ಜಿನುಗನ್ನ ಕುಡಿದುಬಿಡೋದು, ಇವು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮೂವತ್ತು ವರ್ಷ ಅದು ಆ ಕೆಲಸ ಮಾಡ್ತಿತ್ತು ಅಂತ ಗೊತ್ತಾಗಿದ್ದು ಅದನ್ನ ಕಿತ್ತು ಹಾಕಿದ ಮೇಲೆ.

ಕೊನೇ ದಿನ ಕಾಕಾ ಡೈರಿಯ ಪುಟಗಳನ್ನೆಲ್ಲ ಫೋನಿನಲ್ಲಿ ಸ್ಕ್ಯಾನ್ ಮಾಡಿಕೊಂಡೆ. ಡ್ರಾಯಿಂಗು ತಿದ್ದೋಕೆ ಅದೇ ಆಧಾರ ಆಯ್ತು. ಮುಂದಿನ ವರ್ಷ ಅವರು ರಿಟೈರ್ ಆದ್ರು. ಹಬ್ಬಕ್ಕೆ ಫೋನ್ ಮಾಡಿದರೆ ಈಗಲೂ ಮೊದಲು ಕೇಳೋದು, “ರಜಿಸ್ಟರ್ ಬಿಸಿ ಆಗಿಲ್ಲಲ್ಲ?” ರೆಸಿಸ್ಟರ್ ಅನ್ನೋದು ಅವರ ಬಾಯಲ್ಲಿ ಹಾಗೇ.

ನನ್ನ ಎಕ್ಸೆಲ್ ಶೀಟು ಈಗ ನಮ್ಮ ಟೀಮಿನಲ್ಲಿ ಎಲ್ಲರೂ ಬಳಸ್ತಾರೆ. ‘ಪಾಸ್’ ಅನ್ನೋ ಕಾಲಮ್ ತೆಗೆದಿದ್ದೀನಿ. ಅದರ ಜಾಗದಲ್ಲಿ ಎರಡಿವೆ. ಒಂದು, ‘ಹಗ್ಗದ ಹತ್ತಿರ ಹೋಗಿ ಎಳೆದವರು ಯಾರು’. ಇನ್ನೊಂದು, ‘ಯಂತ್ರ ನಿಂತಿದ್ದನ್ನ ಕಣ್ಣಾರೆ ಕಂಡವರು ಯಾರು’. ಹೊಸದಾಗಿ ಸೇರಿದ ಹುಡುಗರು, ಇದೇನು ಸರ್, ಎರಡಕ್ಕೂ ಹೆಸರೇ ಬರೀಬೇಕಾ ಅಂತಾರೆ. ಹೌದು, ಹೆಸರೇ ಬರೀಬೇಕು ಅಂತೀನಿ.